ವಲಸೆ ಸೊನ್ನೆ ಎಂದಿಟ್ಟುಕೊಂಡು

ಕಲಬುರಗಿಯ ಕಚೇರಿ. ಮೇ ತಿಂಗಳ ಮೂರೂವರೆ.
ಕೂಲರಿನ ನೀರು ತೀರಿ ಬರೀ ಸದ್ದು ಬೀಸುತ್ತಿದೆ.
ನನ್ನೆದುರು ಶಹಾಬಾದಿನ ಹಾಳೆ:
ಹುಟ್ಟಿದವರು, ಸತ್ತವರು, ಬಂದವರು, ಹೋದವರು.
ಕೂಡಿ ಕಳೆದರೆ ಸಿಗಬೇಕು
ಎರಡು ಸಾವಿರದ ಐವತ್ತೊಂದನೇ ಇಸವಿಯ ಊರು.

ಹುಟ್ಟು ಆಸ್ಪತ್ರೆಯ ವಹಿಯಲ್ಲಿದೆ.
ಸಾವನ್ನು ಬರೆಸಲು ಯಾರಾದರೂ ಬಂದೇ ಬರುತ್ತಾರೆ,
ಪಿಂಚಣಿಗೋ, ಪಹಣಿಗೋ.
ಹೋದವರದೇ ತೊಡಕು.
ಬಸ್ಸು ಹತ್ತುವಾಗ ಯಾರೂ ಸಹಿ ಮಾಡಿ ಹತ್ತುವುದಿಲ್ಲ.
"ಸೊನ್ನೆ ಅಂತ ಇಟ್ಕೋರಿ" ಎಂದರು ಕುಳಗೇರಿ ಸಾಹೇಬರು,
"ಬಂದೋರು ಹೋದೋರು ಸರಿಸಮ. ಸೋಮವಾರ ಕಳಿಸಬೇಕು."

ಕಪಾಟಿನಲ್ಲಿ ಹಳೆಯ ಯೋಜನೆಯೊಂದಿದೆ,
ಕಾರ್ಬನ್ ಪ್ರತಿ, ಅಂಚು ಗೆದ್ದಲಿನದು.
ನಾನು ಹುಟ್ಟುವ ಮೊದಲೇ ಯಾರೋ ಅದರಲ್ಲಿ
ಇದೇ ಊರಿನ ಎರಡು ಸಾವಿರದ ಒಂದನ್ನು ಕಟ್ಟಿ ಮುಗಿಸಿದ್ದಾರೆ:
ಸಿಮೆಂಟಿಗೆ ಇಷ್ಟು ಆಳು, ಫರಸಿ ಕಲ್ಲಿಗೆ ಇಷ್ಟು,
ಅವರ ಬೆನ್ನಿಗೆ ದರ್ಜಿ, ಕ್ಷೌರ, ಚಹಾ,
ನೂರು ಆಳಿಗೆ ನಲವತ್ತು ಇತರೆ.
ಭೋಂಗಾ ನಿಲ್ಲುವುದಕ್ಕೆ ಕಾಲಂ ಇರಲಿಲ್ಲ.
ಇದ್ದಿದ್ದರೂ
ಯಾವ ಕೈ ತುಂಬುತ್ತಿತ್ತು?

ಆ ಲೆಕ್ಕಕ್ಕೆ ಎತ್ತಿದ ನೀರಿನ ಟಾಕಿ ನೋಡಲು ಹೋದೆ.
ವಾಲ್ವಿನ ಲಾಡ್ಲೇಸಾಬ ತಲೆ ಎತ್ತದೆ ಹೇಳಿದ:
"ಅರ್ಧದ ಮ್ಯಾಲ ಒಮ್ಮೆನೂ ತುಂಬಿಲ್ರಿ.
ಉಳಿದ ಅರ್ಧ ಪಾರಿವಾಳದ್ದು."

ಟಾಕಿಯ ನೆರಳಿನ ಮನೆ ಗುರುಬಸಮ್ಮನದು.
ಎಷ್ಟು ಮಂದಿ ಮನ್ಯಾಗ, ಕೇಳಿದೆ.
"ಯಾವಾಗಿಂದು ಹೇಳ್ಲಿ, ತಂಗೀ?
ರಾಶಿಗೆ ಎಂಟು, ಮೊಹರಮ್ಮಿಗೆ ಹನ್ನೊಂದು,
ಇವತ್ತಂದ್ರ ನಾನು, ಮತ್ತ ಈ ಆಡು.
ಉಳಿದೋರು ಪುಣಾದಾಗ ಸ್ಲ್ಯಾಬ್ ಹಾಕಲತ್ತಾರ."
ಆಡು ನನ್ನ ಹಾಳೆಯ ಮೂಲೆ ತಿಂದಿತು,
ಎರಡು ಸಾವಿರದ ನಲವತ್ತೊಂದರ ತನಕ.

ಪುಣೆಯಲ್ಲೂ ಒಂದು ಕಚೇರಿ ಇದ್ದೀತು,
ಅಲ್ಲೂ ನನ್ನಂಥವಳೊಬ್ಬಳು, ಅವಳಿಗೂ ಒಬ್ಬ ಸಾಹೇಬ,
ಅವನಿಗೂ ಒಂದು ಸೋಮವಾರ.
ಈ ಸೊನ್ನೆಗೂ ಆ ಸೊನ್ನೆಗೂ ನಡುವೆ
ಗುರುಬಸಮ್ಮನ ಮಕ್ಕಳು
ಯಾರದೋ ಹದಿನಾಲ್ಕನೇ ಅಂತಸ್ತಿಗೆ
ಬುಟ್ಟಿ ದಾಟಿಸುತ್ತಿದ್ದಾರೆ.

ವರದಿ ಕಳಿಸಿದೆ. ವಲಸೆ: ಸೊನ್ನೆ.
ಹೊಸ ಟಾಕಿಯ ಅಳತೆ ಕೇಳಿದ ಪುಟದಲ್ಲಿ ಮಾತ್ರ
ಆ ಮನೆಗೆ ಹನ್ನೊಂದು ಎಂದೇ ಗುಣಿಸಿದೆ.
ಮೊಹರಮ್ಮಿಗೆ ಬಂದವರ ಕಾಲಿಗೆ ನೀರು ಸಾಲಬೇಕು.
ಬರದಿದ್ದರೆ
ಪಾರಿವಾಳಕ್ಕೆ ಆದೀತು.