ಪಾಲು, ಹಾಲು

ಆಲೂಗಡ್ಡೆ ಮಂಡಿಯ ಹಮಾಲಿ ಸಣ್ಣಸ್ವಾಮಿ
ಕಫದ ಡಬ್ಬಿಯ ಮುಚ್ಚಳ ಬಿಗಿಮಾಡಿ, ಟವೆಲಿನಲ್ಲಿ ಒರೆಸಿ
ನನ್ನ ಕಿಟಕಿಯ ಹಲಗೆ ಮೇಲಿಟ್ಟ.
"ಎಲ್ಲಿಂದ ಬಂತವ್ವ ಇದು ನಂಗೆ?
ನಮ್ಮೋರು ಹಸೀಂದ ಅಂತಾರೆ.
ಕಾಯಿಸ್ದೆ ಕುಡೀತಿದ್ದೆ, ನೊರೆ ನೊರೆ ಇರೋವಾಗ್ಲೇ."

ಊರು: ದುದ್ದ. ವಯಸ್ಸು: ನಲವತ್ತೊಂದು. ತೂಕ: ಮೂವತ್ತೊಂಬತ್ತು.
ಎಲ್ಲಿಂದ ಬಂತು ಎಂಬುದಕ್ಕೆ
ಹಾಸನದ ಆಸ್ಪತ್ರೆಯ ಆ ಹಾಳೆಯಲ್ಲಿ ಕಾಲಂ ಇರಲಿಲ್ಲ.

ನೀಲಿಯ ಮೇಲೆ ಕೆಂಪು ಕಡ್ಡಿಗಳು.
ಸೂಕ್ಷ್ಮದರ್ಶಕ ಹೇಳುವುದು ಅಷ್ಟೇ,
ಯಾರ ಮನೆಯವು ಎಂದು ಹೇಳುವುದಿಲ್ಲ.
ಮೊಟ್ಟೆ ಬೆರೆಸಿ ಓರೆಯಾಗಿ ಹೆಪ್ಪುಗಟ್ಟಿಸಿದ ಬಾಟಲಿಯಲ್ಲಿ
ಬಿತ್ತಿ ಕಾಯಬೇಕು, ಐದು ವಾರ, ಆರು ವಾರ.
ಒಣರೊಟ್ಟಿಯ ಪುಡಿಯಂಥದೇನೋ ಏಳುತ್ತದೆ.
ಫಿರ್ದೋಸ್ ಅದನ್ನು ಒಡೆದು, ಯಂತ್ರದಲ್ಲಿ ಓದಿಸಿ
ನನ್ನ ಪರದೆಗೆ ಕಳಿಸುತ್ತಾಳೆ:
ನಲವತ್ತನಾಲ್ಕು ಲಕ್ಷ ಅಕ್ಷರ,
ನಡುವೆ ಉಸಿರು ತೆಗೆದುಕೊಳ್ಳಲು ಒಂದು ಚುಕ್ಕಿಯಿಲ್ಲ.

ಇಂಥದನ್ನು ಓದಲು ಕಲಿಸಿದವರು
ಕನ್ನಡದ ಮೇಷ್ಟ್ರು ಪದ್ಮರಾಜಯ್ಯ. ಅವರಿಗೇ ಗೊತ್ತಿರಲಿಲ್ಲ.
ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹಲ್ಮಿಡಿಗೆ ಹೋಗಿ
ಕಲ್ಲಿನ ನಕಲು ತೋರಿಸಿ (ಅಸಲು ಮೈಸೂರು ಸೇರಿತ್ತು)
ಕೇಳಿದ್ದರು: "ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು.
ಬದಲಾದವರು ನಾವೇ ಅಂತ ತಿಳಿಯೋದು ಹೇಗೆ?
ತಮಿಳರ ಮನೆಗೆ ಹೋಗು, ಪಾಲ್.
ತೆಲುಗರ ಮನೆಗೆ ಹೋಗು, ಪಾಲು.
ದಾಯಾದಿಗಳನ್ನೆಲ್ಲ ಒಂದು ಜಗುಲಿ ಮೇಲೆ ಕೂರಿಸು,
ನಾಲಿಗೆ ಹೊರಳಿದ್ದು ಯಾರದು ಅಂತ ತಾನೇ ಗೊತ್ತಾಗುತ್ತೆ."

ಕೂರಿಸಿದೆ.
ಸಣ್ಣಸ್ವಾಮಿಯ ಎದೆಯದು ಒಂದು ಸಾಲು,
ಹಸುವಿನ ಕ್ಷಯದ್ದು ಒಂದು, ಕುಷ್ಠದ್ದು ಒಂದು,
ಮಣ್ಣಿನಲ್ಲಿ ಯಾರ ತಂಟೆಗೂ ಹೋಗದೆ ಬದುಕುವ
ಆಸ್ತಿವಂತ ದೊಡ್ಡಪ್ಪನ ಮಗನದು ಕೆಳಗೆ.

ಕುಷ್ಠದ ಸಾಲಿಗೆ ಬಂದರೆ ಕೈ ನಿಧಾನವಾಗುತ್ತದೆ.
ಜೀನು ಇದೆ, ನಡುವೆ ಚಕ್ಕೆ ಎದ್ದಿದೆ.
ಇನ್ನೊಂದಿದೆ, ಅದಕ್ಕೂ ಹಾಗೆಯೇ.
ಮೞೆಯೊಳಗಿನ ೞ ಹಾಗೆ
ಕೆತ್ತಿದ್ದು ಉಳಿದಿದೆ, ನುಡಿಯುವ ಬಾಯಿ ಇಲ್ಲ.
ಬೇರೆಯವರ ನರದೊಳಗೆ ಕೂತು ಉಂಡು ಉಂಡು
ಒಲೆ ಹಚ್ಚುವುದನ್ನೇ ಮರೆತ ಜೀವ.
ನನ್ನ ಬಾಟಲಿಯಲ್ಲಿ ಅದು ಏಳುವುದೇ ಇಲ್ಲ.
ಮರುಕ ಪಡಬಾರದು.
ಒಂದು ಗಳಿಗೆ ಪಟ್ಟೆ.

ಆಮೇಲೆ ಹಸು.
ಸಾವಿರಕ್ಕೆ ಒಂದಕ್ಷರವೂ ಬೇರೆಯಿಲ್ಲ,
ಆದರೆ ಅಲ್ಲಲ್ಲಿ ಹಾಳೆಗಳೇ ಹರಿದುಹೋಗಿವೆ.
ಸಣ್ಣಸ್ವಾಮಿಯದರಲ್ಲಿ ಅವು ಇವೆ, ಇಡಿಯಾಗಿ.
ಹರಿದ ಹಾಳೆ ತಾನಾಗಿ ಮತ್ತೆ ಹುಟ್ಟುವುದಿಲ್ಲ.
ಇದು ಅದರ ಮಗುವಲ್ಲ.
ಇಬ್ಬರೂ ಒಂದು ಹಳೆಯ ಮನೆಯವರು,
ಪಾಲಾದ ಮೇಲೆ ಹಸುವಿನ ಕಡೆಯವರು
ಹೆಚ್ಚು ಕಳೆದುಕೊಂಡಿದ್ದಾರೆ, ಅಷ್ಟೇ.
"ಮನುಷ್ಯನಿಗೆ ಕೊಟ್ಟಿಗೆಯಿಂದ ಬಂದದ್ದು" ಎಂಬ ವಾಕ್ಯದ ಕೆಳಗೆ
ಕಾಲೇಜಿನಲ್ಲಿ ನಾನೇ ಗೆರೆ ಎಳೆದಿದ್ದೆ,
ಅಳತೆಪಟ್ಟಿ ಇಟ್ಟು.

ಫೋನು ಮಾಡಿದೆ. "ಹಸೀಂದಲ್ಲ, ಸಣ್ಣಸ್ವಾಮಿ.
ಆದ್ರೂ ಹಾಲು ಕಾಯಿಸಿ ಕುಡಿ."
ಆ ಕಡೆ ಕೆಮ್ಮು, ಮೊದಲಿಗಿಂತ ಕಡಿಮೆ. ಮಾತ್ರೆ ಹಿಡಿದಿದೆ.
"ಎಲ್ಲಿ ಹಾಲವ್ವ? ಮಾರಿದ್ವಲ್ಲ ಮಂಗ್ಳವಾರ,
ಹತ್ತು ಸಾವ್ರ ಕಮ್ಮಿಗೆ.
ರೋಗದ ಹಸ ಅಂತ ಊರಿಗೆಲ್ಲ ಗೊತ್ತಾಗಿತ್ತು."
ಅವನ ಹೆಂಡತಿ ಸಿದ್ದಲಿಂಗಮ್ಮ ಫೋನು ಕಸಿದುಕೊಂಡು
"ಹಂಗಾರೆ ಯಾರಿಂದ?"

ಪರದೆಯ ಮೇಲೆ ಅದೂ ಇತ್ತು.
ಹೋದ ಬೇಸಿಗೆಯ ಒಂದು ಮಾದರಿ, ಎರಡೇ ಅಕ್ಷರ ದೂರ.
ಹೆಸರಿನ ಜಾಗದಲ್ಲಿ ಬರೀ ಸಂಖ್ಯೆ,
ಸಂಖ್ಯೆಯ ಹಿಂದಿನ ಮುಖ ನನಗೆ ಗೊತ್ತು:
ಮಂಡಿಯ ಗೇಟಿನಲ್ಲಿ ಹಮಾಲಿಗಳಿಗೆ ಸಾಲದ ಚಹ ಕೊಡುವವಳು.
ಆರು ತಿಂಗಳು ಮಾತ್ರೆ ನುಂಗಿ
ಈಗಷ್ಟೇ ಮತ್ತೆ ಸ್ಟೌ ಹಚ್ಚಿದ್ದಾಳೆ.
ಅವಳಿಂದ ಇವನಿಗೋ, ಇವನಿಂದ ಅವಳಿಗೋ,
ನಡುವೆ ಇನ್ನೊಬ್ಬರೋ,
ಎರಡಕ್ಷರ ಅಷ್ಟು ಹೇಳಲಾರವು.
ಊರು ಹೇಳುತ್ತದೆ.
ಹಸುವನ್ನಾದರೆ ಮಾರಬಹುದಿತ್ತು.

"ಯಾರಿಂದ್ಲವ್ವ?"
"ಗಾಳಿ," ಎಂದೆ.

ಸುಳ್ಳಲ್ಲ.
ಅದೂ ಎರಡೇ ಅಕ್ಷರ.