ಗುಡಿಸು

ಶತಮಾನೋತ್ಸವದ ಸಂಚಿಕೆಗೆ ಸಭೆಯ ಚರಿತ್ರೆ ಬರೆದುಕೊಡಿ ಟೀಚರೇ,
ಎರಡು ಪುಟ ಸಾಕು, ಸಾಸಿವೆಕಾಳಿನಿಂದ ಶುರುಮಾಡಿ
ಎಂದರು ಕಮಿಟಿಯ ಅಮೃತರಾಜಪ್ಪನವರು.
ನಾನು ರಿಜಿಸ್ಟರಿನಿಂದ ಶುರುಮಾಡಿದೆ.

ಗೆದ್ದಲು ತಿಂದು ಬಿಟ್ಟ ಹಾಳೆಗಳಲ್ಲಿ
ಅರಸೀಕೆರೆ ಜಂಕ್ಷನ್ನಿನ ಗೂಡ್ಸ್ ಷೆಡ್ಡು ಇದೆ,
ಕೊಬ್ಬರಿ ಮೂಟೆಗಳ ಮೇಲೆ ಕೂತ ಏಳು ಜನ,
ಒಂದು ಲಾಂದ್ರ,
ಪ್ಲೇಗಿನ ವರ್ಷ ಇಳಿದು ಇಲ್ಲೇ ಉಳಿದ
ಪಾಮರ್ ಎಂಬ ನರ್ಸು.
ಊರು ಅವಳನ್ನು ಪಾಮರಮ್ಮ ಎಂದಿತು.
ಅರ್ಥ ಗೊತ್ತಾದ ದಿನ ನಕ್ಕು
ಕನ್ನಡದಲ್ಲೇ ಸಹಿ ಹಾಕತೊಡಗಿದಳಂತೆ,
ಕೊನೆಯ ಅರ್ಧಾಕ್ಷರವನ್ನು ಪೂರ್ತಿ ಮಾಡಿ:
ಪಾಮರ.

ಸಭೆ ಬೆಳೆದದ್ದು ಹಳಿಯ ಮೇಲೆ.
ಪಾಯಿಂಟ್ಸ್‌ಮನ್ ಎಲೀಶಪ್ಪನಿಗೆ ವರ್ಗವಾದರೆ
ಬಾಣಾವರದಲ್ಲಿ ಒಂದು.
ಅವನ ಷಡ್ಡಕನಿಗೆ ಬಡ್ತಿ ಸಿಕ್ಕರೆ ಕಡೂರಿನಲ್ಲಿ.
ಬೀರೂರಿನಲ್ಲಿ ಎರಡು:
ಮೊದಲನೆಯದು ದೇವರ ಕೃಪೆಯಿಂದ,
ಎರಡನೆಯದು ಲೋಟದಿಂದ.
ಪ್ರಭುಭೋಜನದ ಲೋಟ ಒಂದೇ,
ಯಾರ ತುಟಿ ಮೊದಲು, ಯಾರದು ಆಮೇಲೆ
ಎಂಬ ಮಾತು ಬಂದು
ಕೀರ್ತನೆಯ ಮೂರನೇ ಚರಣಕ್ಕೆ
ಹನ್ನೊಂದು ಮನೆಯವರು ಎದ್ದುಹೋದರು.
ಇದನ್ನು ‘ವಿಸ್ತರಣೆ’ ಎಂದು ಬರೆಯಲು ಹೇಳಿದ್ದಾರೆ.

ದೀಕ್ಷಾಸ್ನಾನ, ನಂಬರು ನಾಲ್ಕು.
ಕಸಬು: ಪ್ಲಾಟ್‌ಫಾರಂ ಗುಡಿಸುವುದು.
ಹಳೆಯ ಹೆಸರು ತಿಮ್ಮಿ.
ಹೊಸ ಹೆಸರಿನ ಕಾಲಮ್ಮಿನಲ್ಲಿ
ಮಾರ್ತಾ ಎಂದು ಬರೆದು ಹೊಡೆದುಹಾಕಿದೆ,
ರೂತ್ ಎಂದು ಬರೆದು ಹೊಡೆದುಹಾಕಿದೆ.
ಅಂಚಿನಲ್ಲಿ, ಪಾಮರಮ್ಮನ ತೊದಲು ಅಕ್ಷರದಲ್ಲಿ,
ಕೇಳಿದ್ದು ಕೇಳಿದ ಹಾಗೇ:
‘ಬ್ಯಾರೆ ಹೆಸ್ರು ಬ್ಯಾಡ್ರವ್ವ.
ನಮ್ಮವ್ವ ಇಟ್ಟದ್ದೇ ಇರ್ಲಿ.
ಊರೋರು ಮುರ್ದಿಟ್ಕಂಡಿರೋ ಅಮ್ಮನ್ನ
ವಾಪಸ್ ಸೇರ್ಸಿ, ಅಷ್ಟೇಯ.’

ಆಗ ಯಾರೋ ಬ್ಲೇಡು ಹಿಡಿದು
ಹೆಸರಿನ ಎರಡನೆಯ ಗುಡಿಸನ್ನು ಕೆರೆದಿದ್ದಾರೆ.
ಕಾಗದ ಅಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳು.
ಮುಂದೆ ದಪ್ಪ ಮಸಿಯಲ್ಲಿ ಒಂದು ಮ್ಮ.
ಹುಟ್ಟಿದಾಗಿನಿಂದ ಗುಡಿಸು, ಗುಡಿಸು ಎಂದೇ ಕೇಳಿದವಳ
ಹೆಸರಿನಿಂದ ಒಂದು ಗುಡಿಸು ಹೋಯಿತು.

ಒಂದು ಉಳಿಯಿತು.
ಮೊದಲು ಷೆಡ್ಡು, ಆಮೇಲೆ ಹೆಂಚಿನ ಮನೆ,
ಆಮೇಲೆ ಕಲ್ಲಿನ ಗುಡಿ
(ಗುಡಿ ಎನ್ನಬಾರದು, ಚರ್ಚು ಎನ್ನಿ, ಎನ್ನುತ್ತಾರೆ ಪಾಸ್ಟರು)
ಮೂವತ್ತೆರಡು ವರ್ಷ, ಗಂಟೆಗೆ ಮುಂಚೆ,
ಗುಡಿಸಿದ್ದು ಅವಳೇ.
ತಿಂಗಳಿಗೆ ಮೂರು ರೂಪಾಯಿ, ಕ್ರಿಸ್ಮಸ್‌ಗೆ ಸೀರೆ,
ಎಂದಿದೆ ಲೆಕ್ಕದ ಪುಸ್ತಕ.
ಒಂದು ವರ್ಷ ಸೀರೆ ಬಿಟ್ಟುಹೋಗಿದೆ.

ಎಲೀಶಪ್ಪನ ಫೋಟೋ ಮೊಮ್ಮಗ ತಂದುಕೊಟ್ಟ,
ರೈಲ್ವೆ ಟೋಪಿ ಸಮೇತ.
ಪಾಮರಮ್ಮನದು ಗೋಡೆಯ ಮೇಲೆಯೇ ಇದೆ.
ತಿಮ್ಮಮ್ಮನದು ಎಲ್ಲೂ ಇಲ್ಲ.
ಎರಡು ಪುಟ ಐದಾಯಿತು, ಅಮೃತರಾಜಪ್ಪನವರಿಗೆ
ಇನ್ನೂ ಹೇಳಿಲ್ಲ.

ಸ್ಟೇಷನ್ ರಸ್ತೆಯ ಡಿಟಿಪಿ ಹುಡುಗ
ನಿನ್ನೆ ಸಂಜೆ ಫೋನು ಮಾಡಿದ.
ಮೇಡಂ, ಒಂದು ಹೆಸರಿನಲ್ಲಿ
ಮ್ಮ ಎರಡು ಸಲ ಬಿದ್ದಿದೆ, ಒಂದು ತೆಗೆಯಲಾ?

ಹುಬ್ಬಳ್ಳಿ ಗಾಡಿ ಹೋಗುತ್ತಿತ್ತು, ಸರಿಯಾಗಿ ಕೇಳಲಿಲ್ಲವೇನೋ ಎಂದು
ಎರಡು ಸಲ ಹೇಳಿದೆ,
ಬೇಡಪ್ಪ.
ಮುಟ್ಟಬೇಡ.