ಸೋಬಲಿ, ಸಬಲ್ಯಾ

ಹೊರಗೆ ಮೂವತ್ತೊಂಬತ್ತು, ಒಳಗೆ ಹದಿನೇಳು.
ದೇರಾದ ಬನಿಯಾಸ್ ಚೌಕದಲ್ಲಿ ತುಪ್ಪಳದ ಕೋಟು ಮಾರುವವರು
ಮೊದಲು ಚಳಿಯನ್ನು ಮಾರಬೇಕು.
ಸ್ವೆಟರಿನೊಳಗೆ ನಾನು, ಕಿನ್ಯಾದ ಝುಬೈರ್,
ರಷ್ಯದವರ ಬಾಯಲ್ಲಿ ಝೋರಾ,
ಹದಿಮೂರು ವರ್ಷದಿಂದ
ಸತ್ತ ಕೂದಲಿನ ಮೇಲೆ ಊದುತ್ತಿದ್ದೇನೆ.

ಊದಬೇಕು, ಅದೇ ಕಸುಬು.
ಉಫ್ ಎಂದರೆ ಮೇಲಿನ ಕೂದಲು ಬಿರಿದು
ಅಡಿಯ ಬೂದಿಬಣ್ಣದ ಹತ್ತಿ ಕಾಣುತ್ತದೆ.
ಅದು ಕಂಡರೆ ಗಿರಾಕಿ ಅರ್ಧ ಸೋತ ಹಾಗೆ.

ಭಾಷೆ ಕಲಿತದ್ದು ಅಂಗಡಿಗೆ ಬೇಕಾದಷ್ಟೇ:
ಸ್ಕೀತ್ಕ ಅಂದರೆ ರಿಯಾಯಿತಿ,
ನಿದೋರಗ ಅಂದರೆ ದುಬಾರಿಯಲ್ಲ (ಸುಳ್ಳು),
ಸೋಬಲ್ ಅಂದರೆ
ಕನ್ನಡದಲ್ಲಿ ಏನೋ, ನನಗೆ ಗೊತ್ತಿಲ್ಲ,
ಮುಂಗುಸಿಯ ದೂರದ ನೆಂಟ, ಹಿಮದ ಕಾಡಿನದು.
ಒಂದು ಕೋಟಿಗೆ ನಲವತ್ತೆಂಟು ಬೇಕು.
ಬೆಲೆ ಕೇಳಿದರೆ ಇನ್ನೊಂದು ಕೋಟಿಯೂ ನೆನಪಾಗುತ್ತದೆ.

ಅಕ್ಟೋಬರಿನಲ್ಲಿ ಬಂದರು ಝಿನಾಯಿದಾ ಪಾವ್ಲೊವ್ನಾ.
ಊರು ಚೀತಾ. ಮೃಗವಲ್ಲ, ಊರೇ.
ಮಂಡಿಗೆ ಪಟ್ಟಿ, ಹೆಗಲಿಗೆ ಚೀಲ,
ಅಬ್ರಾ ದೋಣಿಯ ಉಪ್ಪುಗಾಳಿಗೆ ಕೆದರಿದ ತಲೆ.
ನಾನು ಇಡೀ ಸಾಲಿಗೆ ಕೈ ಚಾಚಿ, ಜಂಬದಿಂದ,
"ವೋತ್, ಸೋಬಲಿ!" ಅಂದೆ.

ಅವರು ಥಟ್ಟನೆ ಬಗ್ಗಿದರು,
ಕೆಟ್ಟ ಮಂಡಿಯಲ್ಲೇ.
ಕೋಟುಗಳ ಅಡಿಗೆ ಇಣುಕಿದರು,
ಕುರ್ಚಿಯ ಕೆಳಗೆ, ಕನ್ನಡಿಯ ಹಿಂದೆ ಹುಡುಕಿದರು.
"ಎಲ್ಲಿ? ಓಡಿಹೋದವೇ?"

ಮೂವತ್ತೈದು ವರ್ಷ ಮಕ್ಕಳಿಗೆ ವ್ಯಾಕರಣ ತಿದ್ದಿದ ಕೈ.
ಬಿಲ್ಲಿನ ಬೆನ್ನಿಗೆ ಬರೆದು, ಓದಿಸಿದರು:
ಮರ ಹತ್ತುತ್ತ, ಇಲಿ ಹಿಡಿಯುತ್ತ ಹಲವು ಇದ್ದರೆ
ಸೋಬಲಿ. ಭಾರ ಮೊದಲಿಗೆ.
ಸುಲಿದು, ಹದ ಮಾಡಿ, ಹೊಲಿದು, ತೂಗುಹಾಕಿದರೆ
ಸಬಲ್ಯಾ. ಭಾರ ಕೊನೆಗೆ.
ಓ ಎಂದು ತೆರೆದ ಬಾಯಿ
ಅ ಆಗಿ ಸಣ್ಣದಾಗುತ್ತದೆ, ಅಷ್ಟೆ.
"ತಪ್ಪಿದರೆ ಯಾರಾದರೂ ನಗುತ್ತಾರಾ?"
"ಇಲ್ಲ. ನಾನು ನಗುತ್ತೇನೆ."
ಕೊನೆಗೆ ಕೊಂಡದ್ದು ಒಂದು ಟೋಪಿ, ಮೊಲದ್ದು.
ಸ್ಕೀತ್ಕ ಕೇಳಿ ಪಡೆದರು.

ನನ್ನ ಮನೆಮಾತು ಬ್ಯಾರಿ. ಛಂದಸ್ಸು ಮಾತ್ರ ಕನ್ನಡದ್ದು,
ಶಾಲೆಯಲ್ಲಿ ವಾಮನ ಮಾಸ್ತರು ಬೆತ್ತದ ಜೊತೆ ಕೊಟ್ಟದ್ದು.
ರಾತ್ರಿ ನಾಯಿಫ್‌ನ ಕೋಣೆಯಲ್ಲಿ, ಮೇಲಿನ ಮಂಚದಲ್ಲಿ,
ಅದೇ ಬಿಲ್ಲಿಗೆ ಪ್ರಸ್ತಾರ ಹಾಕಿದೆ.
ಸೋಬಲಿ: ಗುರು, ಲಘು, ಲಘು. ಭಗಣ.
ಸಬಲ್ಯಾ: ಲಘು, ಗುರು, ಗುರು. ಯಗಣ.
(ಒತ್ತಕ್ಷರದ ಹಿಂದಿನದೂ ಗುರು.
ಝಿನಾಯಿದಾ ಒಪ್ಪುವುದಿಲ್ಲ, ಮಾಸ್ತರು ಬಿಡುವುದಿಲ್ಲ.)
ಬದುಕಿದ್ದದ್ದು ಭ. ಸುಲಿದದ್ದು ಯ.
ಕೆಳಗಿನ ಮಂಚದ ಗಫೂರ್ ಕೇಳಿದ,
"ಏನು ಲೆಕ್ಕ, ಓವರ್‌ಟೈಮಾ?"
ಎರಡೂ ಅಕ್ಷರ ಅಕ್ಕಪಕ್ಕ ಇಟ್ಟು, ಸೇರಿಸಿ ಓದಿ,
ದೀಪ ಆರಿಸಿದೆ.

ಈಗ ತಪ್ಪುವುದಿಲ್ಲ.
ದಿನಕ್ಕೆ ಇಪ್ಪತ್ತು ಸಲ ಸಬಲ್ಯಾ, ಸಬಲ್ಯಾ,
ಭಾರ ಕೊನೆಗೆ, ಬಿಲ್ಲಿನ ಮೊತ್ತದ ಹಾಗೆ.
ಯಜಮಾನ ಫರೀದುನ್ ಹೆರಾತಿನವ, ಬೆನ್ನು ತಟ್ಟಿದ.
ಝೋರಾ, ನಿನ್ನ ರಷ್ಯನ್ ಮಾಸ್ಕೋದವರಂತಿದೆ, ಅಂದ.
ಸಂಬಳದ ಮಾತು ಎತ್ತಲಿಲ್ಲ.

ಶುಕ್ರವಾರ ವೀಡಿಯೊದಲ್ಲಿ ಅಫ್ರಾ, ನನ್ನ ಮಗಳು, ಐದು ವರ್ಷ.
ಫೋನು ತಿರುಗಿಸಿ ಕೋಟಿನ ಸಾಲು ತೋರಿಸಿದೆ.
"ಅವು ಕಚ್ಚುತ್ತವಾ ಉಪ್ಪಾ?"
ಇಲ್ಲ, ಅನ್ನಲು ಹೊರಟು ನಿಂತೆ.
"ಹೆಸರೇನು ಅವುಕ್ಕೆ?"

ಯಜಮಾನ ನಮಾಜಿಗೆ ಹೋಗಿದ್ದ,
ಗಿರಾಕಿಗಳೂ ಇಲ್ಲ.
ಒಂದು ತೋಳು ಎತ್ತಿ ಮೆಲ್ಲಗೆ ಊದಿದೆ,
ಕೂದಲು ಎದ್ದು, ಅಲುಗಿ, ಮಲಗಿತು.
ಸೋ... ಅಂದೆ, ಎಳೆದು, ಇಡೀ ಭಾರ ಅದರ ಮೇಲೆಯೇ ಇಟ್ಟು.
ಆಚೆ ಅವಳೂ ಬಾಯಿ ದುಂಡಗೆ ಮಾಡಿ
ಸೋ...